ಜರ್ಮನಿಯಲ್ಲಿ ಕಂಪ್ಯುಟೇಶನಲ್ ಲಿಂಗ್ವಿಸ್ಟಿಕ್ಸ್ ಮಾಸ್ಟರ್ಸ್: ಬರುವ ಮೊದಲು, ಬಂದ ಮೇಲೆ

ಈ ಕೋರ್ಸ್ ಬಗ್ಗೆ ಊರಿನಿಂದ ಯಾರಾದರೂ ಫೋನ್ ಮಾಡಿದರೆ ಎರಡನೇ ಮಾತೇ ಇದು: "ಅಕ್ಕಾ, ಇದೂ ಎಐ ಕೋರ್ಸೇ ಅಲ್ವಾ? ಹೆಸರು ಮಾತ್ರ ಬೇರೆ." ಅಲ್ಲ. ಹಾಗಂದುಕೊಂಡು ಬಂದವರಿಗೆ ಮೊದಲ ಸೆಮಿಸ್ಟರ್ ತುಂಬಾ ಕಷ್ಟವಾಗುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಕಷ್ಟ ನಿಮಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಇದು ಭಾಷೆಯನ್ನು ಓದುವ ಕೋರ್ಸ್. ಕಂಪ್ಯೂಟರ್ ಅದಕ್ಕೊಂದು ಸಾಧನ. ಒಂದು ಕಡೆ ಧ್ವನಿ, ಪದರಚನೆ, ವಾಕ್ಯರಚನೆ, ಅರ್ಥ. ಇನ್ನೊಂದು ಕಡೆ ಪ್ರೋಗ್ರಾಮಿಂಗ್, ಸಂಭವನೀಯತೆ, ಮಷೀನ್ ಲರ್ನಿಂಗ್. ಬಿ.ಇ. ಓದಿ ಬಂದವರು ಮೊದಲನೆಯದರಲ್ಲಿ ಎಡವುತ್ತಾರೆ. ಬಿ.ಎ., ಎಂ.ಎ.ಯಲ್ಲಿ ಭಾಷಾವಿಜ್ಞಾನ ಓದಿ ಬಂದವರು ಎರಡನೆಯದರಲ್ಲಿ ಎಡವುತ್ತಾರೆ. ನಿಮ್ಮ ಕೊರತೆ ಯಾವ ಕಡೆಯದು ಅಂತ ಅರ್ಜಿ ಹಾಕುವ ಮೊದಲೇ ತಿಳಿದುಕೊಳ್ಳಿ. ವಿಮಾನ ಹತ್ತುವ ಮುಂಚಿನ ಆರು ತಿಂಗಳನ್ನು ಆ ಕಡೆಗೇ ಕೊಡಿ.

ನಾನು ಬಿ.ಇ. ಓದಿ ಬಂದವಳು. ಮೊದಲ ತಿಂಗಳ ವಾಕ್ಯರಚನೆ ಕ್ಲಾಸಿನಲ್ಲಿ ಪ್ರೊಫೆಸರ್ ಪ್ರತಿಯೊಬ್ಬರಿಗೂ ತಮ್ಮ ತಾಯಿನುಡಿಯ ಒಂದು ವಾಕ್ಯ ಬಿಡಿಸಲು ಹೇಳಿದರು. ನಾನು "ನನಗೆ ಹಸಿವಾಗಿದೆ" ಅಂತ ಬರೆದೆ. "ಇದರಲ್ಲಿ ಕರ್ತೃ ಯಾರು?" ಅಂತ ಕೇಳಿದರು. "ನನಗೆ" ಅಂದೆ. "ಅದಕ್ಕೆ ಚತುರ್ಥಿ ಪ್ರತ್ಯಯ ಇದೆಯಲ್ಲ? ಕ್ರಿಯಾಪದ ಅದರ ಜೊತೆ ಹೊಂದುತ್ತದೆಯೇ?" ಅಂದರು. ಹುಟ್ಟಿದಾಗಿನಿಂದ ಆಡುವ ಮಾತು. ಒಮ್ಮೆಯೂ ಹಾಗೆ ಯೋಚಿಸಿರಲಿಲ್ಲ. ಇಂಥ ಪ್ರಶ್ನೆ ಕೇಳಿದಾಗ ನಿಮಗೆ ಖುಷಿಯಾಗುತ್ತದಾ, ಬೇಜಾರಾಗುತ್ತದಾ ನೋಡಿಕೊಳ್ಳಿ. ಬೇಜಾರಾದರೆ ಡೇಟಾ ಸೈನ್ಸ್ ಓದುವುದು ಒಳ್ಳೆಯದು. ಅದರಲ್ಲಿ ತಪ್ಪೇನಿಲ್ಲ.

ಇನ್ನು ಎಲ್ಲಿ ಓದುವುದು? ಪೂರ್ತಿ ಇಂಗ್ಲಿಷಿನಲ್ಲಿ ಓದಬಹುದಾದ ಕೋರ್ಸುಗಳಲ್ಲಿ ಮೊದಲು ನೋಡಬೇಕಾದವು ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್, ಸಾರ್‌ಬ್ರ್ಯೂಕೆನ್ ಮತ್ತು ಪಾಟ್ಸ್‌ಡಾಮ್. ಹೆಸರು ನೋಡಿ ಮೋಸಹೋಗಬೇಡಿ. ಸಾರ್‌ಬ್ರ್ಯೂಕೆನ್‌ನಲ್ಲಿ ಇದರ ಹೆಸರು 'ಲ್ಯಾಂಗ್ವೇಜ್ ಸೈನ್ಸ್ ಅಂಡ್ ಟೆಕ್ನಾಲಜಿ'. ಪಾಟ್ಸ್‌ಡಾಮ್‌ನಲ್ಲಿ 'ಕಾಗ್ನಿಟಿವ್ ಸಿಸ್ಟಮ್ಸ್'. ಸಾರ್‌ಬ್ರ್ಯೂಕೆನ್‌ನಲ್ಲಿ ಡಿಎಫ್‌ಕೆಐ ಅನ್ನುವ ದೊಡ್ಡ ಎಐ ಸಂಶೋಧನಾ ಕೇಂದ್ರ ಕ್ಯಾಂಪಸ್ಸಿನಲ್ಲೇ ಇದೆ. ಅದು 1988ರಲ್ಲಿ ಶುರುವಾದದ್ದು. ಅಲ್ಲಿ ವಿದ್ಯಾರ್ಥಿ ಕೆಲಸ ಸಿಕ್ಕರೆ ಕಲಿಯುವುದು ಬಹಳ. ಸ್ಟುಟ್‌ಗಾರ್ಟ್‌ನಲ್ಲಿ ಈ ವಿಷಯಕ್ಕೇ ಒಂದು ಪ್ರತ್ಯೇಕ ಇನ್‌ಸ್ಟಿಟ್ಯೂಟ್ ಇದೆ. ಪದಗಳ ವ್ಯಾಕರಣ ವರ್ಗ ಗುರುತಿಸುವ ಟ್ರೀಟ್ಯಾಗರ್ ಅನ್ನುವ ಪ್ರೋಗ್ರಾಂ ಹುಟ್ಟಿದ್ದು ಅಲ್ಲೇ.

ಟ್ಯೂಬಿಂಗೆನ್ ಬಗ್ಗೆ ಎರಡು ಮಾತು ಜಾಸ್ತಿ ಹೇಳಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟಿನ ಕಿಟ್ಟೆಲ್ ಕೊನೆಗಾಲ ಕಳೆದದ್ದು ಈ ಊರಿನಲ್ಲಿ. 1896ರಲ್ಲಿ ಇಲ್ಲಿನ ಯೂನಿವರ್ಸಿಟಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ತಂದ ಮೋಗ್ಲಿಂಗ್ ಓದಿದ್ದೂ ಟ್ಯೂಬಿಂಗೆನ್‌ನಲ್ಲೇ. ಕನ್ನಡದ ಪದಗಳನ್ನು ಒಂದೊಂದಾಗಿ ಜೋಡಿಸಿಟ್ಟವರು ಓಡಾಡಿದ ಊರಿನಲ್ಲಿ ಕೂತು ಕನ್ನಡಕ್ಕೆ ಪ್ರೋಗ್ರಾಂ ಬರೆಯುವುದು ನನಗಂತೂ ದೊಡ್ಡ ವಿಷಯ.

ದುಡ್ಡಿನ ಲೆಕ್ಕ ಹಾಕುವಾಗ ರಾಜ್ಯ ನೋಡಿ. ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್ ಇರುವುದು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯದಲ್ಲಿ. ಅಲ್ಲಿ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸ್ ಇದೆ. ಸಾರ್‌ಬ್ರ್ಯೂಕೆನ್‌ನಲ್ಲಿ ಈ ಫೀಸ್ ಇಲ್ಲ. ಸೆಮಿಸ್ಟರ್ ಶುಲ್ಕ ಅಂತ ಕೆಲವು ನೂರು ಯೂರೋ ಮಾತ್ರ. ನಾಲ್ಕು ಸೆಮಿಸ್ಟರಿಗೆ 6,000 ಯೂರೋ ವ್ಯತ್ಯಾಸ ಬೀಳುತ್ತದೆ. ಸಾಲ ಮಾಡಿ ಬರುವವರು ಇದನ್ನು ಮೊದಲು ನೋಡಬೇಕು.

ಕಾಗದಪತ್ರದ ವಿಷಯಕ್ಕೆ ಬರೋಣ. 2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಿಮ್ಮ ಅಂಕಪಟ್ಟಿಗಳು ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ ಅದು. ಇದಿಲ್ಲದೆ ವೀಸಾ ಇಲ್ಲ. ಎಷ್ಟೋ ಯೂನಿವರ್ಸಿಟಿಗಳು ಅರ್ಜಿಯ ಜೊತೆಗೇ ಕೇಳುತ್ತವೆ. ಹಾಗಾಗಿ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿಸಿ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಅದಕ್ಕೆ ಅರ್ಜಿಯ ಕೊನೆ ದಿನ ಜುಲೈ 15 ಅಂತ ಹಲವು ಕಡೆ ಬರೆದಿರುತ್ತದೆ. ಆದರೆ ಹೊರದೇಶದವರಿಗೆ ಅದು ಎಷ್ಟೋ ಕಡೆ ತಿಂಗಳುಗಳ ಮೊದಲೇ ಮುಗಿದಿರುತ್ತದೆ. ಪುಟದ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ.

ಅಂಕಗಳ ಲೆಕ್ಕ ಇಲ್ಲಿ ಉಲ್ಟಾ. 1.0 ಅಂದರೆ ಅತ್ಯುತ್ತಮ. 4.0 ಅಂದರೆ ಬರೀ ಪಾಸ್. ನಮ್ಮ ಅಂಕವನ್ನು ಹೀಗೆ ಬದಲಾಯಿಸುತ್ತಾರೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ. 3ರಿಂದ ಗುಣಿಸಿ, 1 ಕೂಡಿಸಿ. ನೂರಕ್ಕೆ 76 ಬಂದಿದೆ, ಪಾಸ್ ಅಂಕ 40 ಅಂದುಕೊಳ್ಳಿ. 24ನ್ನು 60ರಿಂದ ಭಾಗಿಸಿದರೆ 0.4. ಮೂರರಿಂದ ಗುಣಿಸಿದರೆ 1.2. ಒಂದು ಕೂಡಿಸಿದರೆ 2.2. ಚೆನ್ನಾಗಿಯೇ ಇದೆ.

ಒಂದು ಕಾಗದವನ್ನು ಮಾತ್ರ ಮರೆಯಬೇಡಿ. ನಿಮ್ಮ ಡಿಗ್ರಿಯ ಪೂರ್ತಿ ಸಿಲಬಸ್, ಕಾಲೇಜಿನ ಮೊಹರಿನೊಂದಿಗೆ. ಅಂಕಪಟ್ಟಿಯಲ್ಲಿ 'ಗಣಿತ 3' ಅಂತಿದ್ದರೆ ಇಲ್ಲಿನವರಿಗೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಸಂಭವನೀಯತೆ ಇತ್ತಾ, ಲೀನಿಯರ್ ಆಲ್ಜೀಬ್ರಾ ಇತ್ತಾ ಅಂತ ಕೇಳುತ್ತಾರೆ. ನಾನು ಇದನ್ನು ತರದೆ ಬಂದೆ. ಆಮೇಲೆ ತರಿಸಿಕೊಳ್ಳಲು ನಮ್ಮಪ್ಪ ಎರಡು ತಿಂಗಳು ಕಾಲೇಜಿಗೆ ಅಲೆದರು.

ವೀಸಾಕ್ಕೆ ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ. ಖರ್ಚಿಗೆ ದುಡ್ಡಿದೆ ಅಂತ ತೋರಿಸಲು ಬ್ಲಾಕ್ಡ್ ಅಕೌಂಟ್ ತೆರೆಯಬೇಕು. 2024ರ ಸೆಪ್ಟೆಂಬರ್‌ನಿಂದ ಅದಕ್ಕೆ ವರ್ಷಕ್ಕೆ 11,904 ಯೂರೋ ಬೇಕು. ಇಲ್ಲಿಗೆ ಬಂದ ಮೇಲೆ ಆ ಅಕೌಂಟಿನಿಂದ ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರುತ್ತದೆ. ಈ ಮೊತ್ತ ಆಗಾಗ ಏರುತ್ತದೆ. ಅರ್ಜಿ ಹಾಕುವ ತಿಂಗಳಿನಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಆರೋಗ್ಯ ವಿಮೆ ಕಡ್ಡಾಯ. ಸರ್ಕಾರಿ ವಿಮೆಯ ವಿದ್ಯಾರ್ಥಿ ದರ 30 ವರ್ಷದವರೆಗೆ ಮಾತ್ರ. ಕೆಲವು ವರ್ಷ ಕೆಲಸ ಮಾಡಿ ಆಮೇಲೆ ಓದಲು ಬರುವವರು ಇದನ್ನು ಗಮನಿಸಬೇಕು.

ಮನೆ ಸಿಗುವುದು ನಿಜಕ್ಕೂ ಕಷ್ಟ. ಪ್ರವೇಶಪತ್ರ ಕೈಗೆ ಬಂದ ದಿನವೇ ಸ್ಟುಡೀರೆಂಡನ್‌ವೆರ್ಕ್ (ವಿದ್ಯಾರ್ಥಿಗಳ ಊಟ, ವಸತಿ ನೋಡಿಕೊಳ್ಳುವ ಸಂಸ್ಥೆ) ಹಾಸ್ಟೆಲಿಗೆ ಅರ್ಜಿ ಹಾಕಿ. ಮನೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕರ ಸಹಿ ಇರುವ ಪತ್ರ ಬೇಕಾಗುತ್ತದೆ. ಆಮೇಲೆ ಒಂದು ದಿನ ರೇಡಿಯೋ-ಟಿವಿ ಶುಲ್ಕದ ಕಾಗದ ಬರುತ್ತದೆ. ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು. ಆದರೆ ಅದು ಮನೆಗೊಂದು. ಜೊತೆಗಿರುವವರು ಹಂಚಿಕೊಳ್ಳಬಹುದು.

ಇನ್ನು ಓದಿನ ಕ್ರಮ. ನಮ್ಮವರು ಹೆಚ್ಚು ಒದ್ದಾಡುವುದು ಇಲ್ಲೇ. ನಮ್ಮಲ್ಲಿ ಕಾಲೇಜೇ ಟೈಮ್‌ಟೇಬಲ್ ಕೊಡುತ್ತದೆ. ಹಾಜರಿ ಕಮ್ಮಿಯಾದರೆ ಯಾರಾದರೂ ಕರೆದು ಬೈಯುತ್ತಾರೆ. ಇಲ್ಲಿ ಯಾರೂ ಬೈಯುವುದಿಲ್ಲ. ಯಾರೂ ನೆನಪಿಸುವುದೂ ಇಲ್ಲ. ಮಾಡ್ಯೂಲುಗಳ ಕೈಪಿಡಿ ಅಂತ ಒಂದು ದೊಡ್ಡ ಪಿಡಿಎಫ್ ಇರುತ್ತದೆ. ಅದನ್ನು ಓದಿ, ಯಾವ ಕ್ಲಾಸು, ಯಾವ ಸೆಮಿಸ್ಟರು ಅಂತ ನೀವೇ ತೀರ್ಮಾನಿಸಬೇಕು. ಒಟ್ಟು 120 ಕ್ರೆಡಿಟ್. ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಅಂದರೆ ಸುಮಾರು 25ರಿಂದ 30 ಗಂಟೆ ಕೆಲಸ, ಮನೆಯಲ್ಲಿ ಓದುವುದೂ ಸೇರಿ. ವಾರಕ್ಕೆ ಹತ್ತೇ ಕ್ಲಾಸು ಅಂತ ಇನ್ನಷ್ಟು ತುಂಬಿಕೊಳ್ಳಬೇಡಿ. ಕ್ಲಾಸಿನ ಹೊರಗಿನ ಕೆಲಸವೇ ಜಾಸ್ತಿ.

ಕ್ಲಾಸಿನಲ್ಲಿ ಕೂತರೆ ಪರೀಕ್ಷೆಗೆ ಸೇರಿದಂತಲ್ಲ. ಪ್ರತಿ ಪರೀಕ್ಷೆಗೂ ಬೇರೆಯಾಗಿ ಹೆಸರು ಹಚ್ಚಬೇಕು. ಅದಕ್ಕೊಂದು ಗಡುವು ಇರುತ್ತದೆ. ನಾನು ಮೊದಲ ಸೆಮಿಸ್ಟರಿನಲ್ಲಿ ಒಂದು ಗಡುವು ತಪ್ಪಿಸಿಕೊಂಡೆ. ನಾಲ್ಕು ತಿಂಗಳು ಎಲ್ಲಾ ಅಸೈನ್‌ಮೆಂಟ್ ಕೊಟ್ಟಿದ್ದೆ. ಆದರೂ ಪರೀಕ್ಷೆ ಬರೆಯಲು ಬಿಡಲಿಲ್ಲ. ಆ ಕ್ಲಾಸು ಮತ್ತೆ ಬಂದದ್ದು ಒಂದು ವರ್ಷದ ಮೇಲೆ. ಸೆಮಿಸ್ಟರ್ ಶುರುವಾದ ದಿನವೇ ಎಲ್ಲ ಗಡುವುಗಳನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ಫೇಲಾದರೆ ಮತ್ತೆ ಬರೆಯಬಹುದು, ಆದರೆ ಎಷ್ಟು ಸಲ ಅನ್ನುವುದಕ್ಕೆ ಮಿತಿ ಇದೆ. ಸಾಮಾನ್ಯವಾಗಿ ಎರಡೋ ಮೂರೋ. ಕಡ್ಡಾಯ ವಿಷಯದಲ್ಲಿ ಆ ಮಿತಿ ದಾಟಿದರೆ ಕೋರ್ಸಿನಿಂದಲೇ ಹೊರಗೆ. ತಯಾರಿ ಆಗಿಲ್ಲ ಅನ್ನಿಸಿದರೆ ಗಡುವಿನೊಳಗೆ ಹೆಸರು ತೆಗೆಸಿಕೊಳ್ಳಿ.

ಸೆಮಿನಾರುಗಳಿಗೆ ಪರೀಕ್ಷೆ ಬದಲು ಪ್ರಬಂಧ ಬರೆಯಬೇಕು. ಅದಕ್ಕೆ ಹೌಸ್‌ಆರ್ಬೈಟ್ ಅನ್ನುತ್ತಾರೆ. ಫೆಬ್ರವರಿಯಲ್ಲಿ ಕ್ಲಾಸು ಮುಗಿದ ಮೇಲೆ ಏಪ್ರಿಲ್‌ವರೆಗೆ ರಜೆ ಅಂತ ಊರಿಗೆ ಟಿಕೆಟ್ ಮಾಡಿಸಬೇಡಿ. ಅದು ಕ್ಲಾಸಿಲ್ಲದ ಸಮಯ, ರಜೆ ಅಲ್ಲ. ಪ್ರಬಂಧಗಳನ್ನು ಬರೆಯುವುದೇ ಆಗ.

ಒಂದು ಸಣ್ಣ ವಿಷಯ. ಟೈಮ್‌ಟೇಬಲ್‌ನಲ್ಲಿ '10 ಸಿ.ಟಿ.' ಅಂತಿದ್ದರೆ ಕ್ಲಾಸು ಶುರುವಾಗುವುದು 10.15ಕ್ಕೆ. 'ಎಸ್.ಟಿ.' ಅಂತಿದ್ದರೆ ಸರಿಯಾಗಿ ಹತ್ತಕ್ಕೆ. ಪಾಠ ಮುಗಿದಾಗ ಎಲ್ಲರೂ ಮೇಜು ತಟ್ಟುತ್ತಾರೆ. ಅದು ಇಲ್ಲಿನ ಚಪ್ಪಾಳೆ.

ಕೆಲಸ ಮಾಡಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮಾಡಬಹುದು. 2024ರ ಮಾರ್ಚ್‌ನಿಂದ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ. ಯೂನಿವರ್ಸಿಟಿಯೊಳಗೆ ಪ್ರೊಫೆಸರ್ ಜೊತೆ ಮಾಡುವ ಸಹಾಯಕ ಕೆಲಸ ಈ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಹೀವಿ ಅನ್ನುತ್ತಾರೆ. ಅದನ್ನೇ ಹುಡುಕಿ. ಸಂಬಳ ಕಮ್ಮಿಯಾದರೂ ಥೀಸಿಸ್‌ಗೆ ದಾರಿ ಅಲ್ಲಿಂದಲೇ ತೆರೆಯುತ್ತದೆ. ಎಚ್ಚರವಿರಬೇಕಾದದ್ದು ಇನ್ನೊಂದರಲ್ಲಿ. ಆನ್‌ಲೈನಿನಲ್ಲಿ ಕನ್ನಡ ವಾಕ್ಯಗಳನ್ನು ತಿದ್ದಿ ಕೊಡಿ, ಗುರುತು ಹಾಕಿ ಕೊಡಿ, ಒಂದಕ್ಕಿಷ್ಟು ಅಂತ ಕೊಡುತ್ತೇವೆ ಅನ್ನುವ ಕೆಲಸಗಳು ಬರುತ್ತವೆ. ಅದು ಸ್ವಂತ ಉದ್ಯೋಗದ ಲೆಕ್ಕ. ವಿದ್ಯಾರ್ಥಿ ಪರ್ಮಿಟ್‌ನಲ್ಲಿ ಅದಕ್ಕೆ ವಿದೇಶಿಯರ ಕಚೇರಿಯಿಂದ ಮೊದಲೇ ಅನುಮತಿ ಬೇಕು.

ಈಗ ನನಗೆ ಅತಿ ಮುಖ್ಯವಾದ ಮಾತು. ಥೀಸಿಸ್ ಕನ್ನಡದ ಮೇಲೆ ಮಾಡಿ. ಅದು 30 ಕ್ರೆಡಿಟ್, ಸುಮಾರು ಆರು ತಿಂಗಳ ಕೆಲಸ. 2011ರ ಜನಗಣತಿಯ ಪ್ರಕಾರ 4.37 ಕೋಟಿ ಜನರ ತಾಯಿನುಡಿ ನಮ್ಮದು. ಆದರೂ ಕಂಪ್ಯೂಟರಿನ ಪಾಲಿಗೆ ಇದು ಚಿಕ್ಕ ಭಾಷೆ. 'ಕನ್ನಡ' ಅನ್ನುವ ಪದವನ್ನೇ ತೆಗೆದುಕೊಳ್ಳಿ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಅದರಲ್ಲಿ ಇದು ಐದು ಸಂಕೇತ: ಕ, ನ, ಒತ್ತಕ್ಷರ ಮಾಡುವ ವಿರಾಮ (್), ನ, ಡ. ಕಂಪ್ಯೂಟರ್ ಈ ಸಂಕೇತಗಳನ್ನು ಉಳಿಸಿಡುವ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟ್. ಒಟ್ಟು 15. ಅದೇ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಏಳೇ ಬೈಟ್. ಇಂಗ್ಲಿಷ್ ನೋಡಿ ಕಲಿತ ಎಐ ಮಾಡೆಲ್‌ಗಳು ನಮ್ಮ ಪದಗಳನ್ನು ಚೂರುಚೂರು ಮಾಡುತ್ತವೆ. 'ಬರುತ್ತಿದ್ದವರಿಗೆಲ್ಲ' ನಮಗೆ ಒಂದೇ ಪದ. ಇಂಗ್ಲಿಷಿನಲ್ಲಿ ಹೇಳಲು ಆರು ಪದ ಬೇಕು. ಇದನ್ನು ಎಲ್ಲಿ ಕತ್ತರಿಸಬೇಕು ಅಂತ ಹೇಳಬಲ್ಲವರು ನಮ್ಮ ಬಿಟ್ಟು ಬೇರೆ ಯಾರು?

ಇಲ್ಲಿನ ಪ್ರೊಫೆಸರುಗಳಿಗೆ ಇಂಥ ವಿಷಯ ಇಷ್ಟವೇ. ಅವರು ಕೇಳುವ ಮೊದಲ ಪ್ರಶ್ನೆ "ಡೇಟಾ ಎಲ್ಲಿದೆ?" ಅಂತ. ಉತ್ತರ ರೆಡಿ ಇರಲಿ. ಕನ್ನಡ ವಿಕಿಪೀಡಿಯಾ ಇದೆ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಬಿಟ್ಟಿರುವ ಸಂಗ್ರಹಗಳಿವೆ. ಯೂನಿಕೋಡ್ ಬಳಕೆಗೆ ಬರುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಪುಟಗಳು ನಮ್ಮ ಕಚೇರಿ, ಪ್ರೆಸ್ಸುಗಳಲ್ಲಿ ರಾಶಿ ಬಿದ್ದಿವೆ. ಅವನ್ನು ಯೂನಿಕೋಡಿಗೆ ತಿರುಗಿಸದೆ ಬಳಸಲಾಗದು. ಆ ತಿರುಗಿಸುವ ಕೆಲಸಕ್ಕೇ ವಾರಗಟ್ಟಲೆ ಇಟ್ಟುಕೊಳ್ಳಿ. ಒತ್ತಕ್ಷರಗಳು ಅದಲುಬದಲಾಗುತ್ತವೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಪ್ರೊಫೆಸರ್ ಹತ್ತಿರ ಹೋಗುವ ಮುಂಚೆ ಒಂದು ಸಾವಿರ ವಾಕ್ಯಗಳನ್ನಾದರೂ ನೀವೇ ಸರಿಮಾಡಿ ಕೈಯಲ್ಲಿ ಇಟ್ಟುಕೊಳ್ಳಿ. ಸುಮ್ನೆ ಐಡಿಯಾ ಹೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ವಾಕ್ಯಗಳನ್ನು ತೋರಿಸಿದರೆ ಕುರ್ಚಿ ಎಳೆದು ಕೂರಿಸಿ ಮಾತಾಡುತ್ತಾರೆ.

ಜರ್ಮನ್ ಕಲಿಯಬೇಕಾ? ಕೋರ್ಸ್ ಮುಗಿಸಲು ಬೇಡ. ಕೆಲಸಕ್ಕೆ ಬೇಕು. ಡಿಗ್ರಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರ್ಮಿಟ್ ಸಿಗುತ್ತದೆ. ಹಳೆಯ ಪರ್ಮಿಟ್ ಮುಗಿಯುವ ಮೊದಲೇ ಅದಕ್ಕೆ ಅರ್ಜಿ ಹಾಕಿ. ಭಾಷೆಯ ಮೇಲೆ ಕೆಲಸ ಮಾಡುವ ಕಂಪನಿ ಅಂದರೆ ಹೆಚ್ಚಿನ ಸಲ ಜರ್ಮನ್ ಮೇಲೆ ಕೆಲಸ ಮಾಡುವ ಕಂಪನಿ. ಜರ್ಮನ್ ವಾಕ್ಯ ಸರಿಯೋ ತಪ್ಪೋ ಅಂತ ಹೇಳಲು ಬಾರದಿದ್ದರೆ ಅಲ್ಲಿ ಬಾಗಿಲು ಅರ್ಧ ಮುಚ್ಚಿದಂತೆ. ಯೂನಿವರ್ಸಿಟಿಯಲ್ಲೇ ಕಡಿಮೆ ಖರ್ಚಿನಲ್ಲಿ ಜರ್ಮನ್ ಕ್ಲಾಸುಗಳಿರುತ್ತವೆ. ಮೊದಲ ಸೆಮಿಸ್ಟರಿನಿಂದಲೇ ಹೆಸರು ಹಚ್ಚಿ. ಸೀಟುಗಳು ಬೇಗ ತುಂಬುತ್ತವೆ.