ಜೂನ್‌ನಲ್ಲೇ ಬರೆದಿಟ್ಟ ಪಟ್ಟಿ

ಹತ್ತನೇ ಕ್ಲಾಸಿಗೆ ಗಣಿತ ಹೇಳುವ ಮೇಷ್ಟ್ರುಗಳಿಗೆಲ್ಲ ‘ಪಾಸಿಂಗ್ ಪ್ಯಾಕೇಜ್’ ಗೊತ್ತು. ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಇಡೀ ಪುಸ್ತಕ ಬೇಡ. ರಚನೆ, ನಕ್ಷೆ, ಥೇಲ್ಸ್ ಪ್ರಮೇಯ, ಇಂಥ ಕೆಲವನ್ನೇ ಮತ್ತೆ ಮತ್ತೆ ಬರೆಸಿದರೆ 80ಕ್ಕೆ 28 ಬಂದುಬಿಡುತ್ತದೆ. 2018ರ ಹೊತ್ತಿಗೆ ಪಾಸಾಗಲು ಅಷ್ಟು ಸಾಕಿತ್ತು. ಇದರಿಂದ ಎಷ್ಟೋ ಮಕ್ಕಳು ದಡ ಸೇರಿದ್ದಾರೆ, ಇಲ್ಲ ಅನ್ನುವುದಿಲ್ಲ. ನನ್ನ ತಕರಾರು ಪಟ್ಟಿಯದು. ಪ್ಯಾಕೇಜ್ ಯಾರಿಗೆ ಅಂತ ಮೊದಲು ಒಂದು ಪಟ್ಟಿ ಮಾಡಬೇಕಲ್ವಾ?

2018ರಲ್ಲಿ ನಾನು ಮಂಡ್ಯ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿದ್ದೆ. ಹತ್ತನೇ ಕ್ಲಾಸಿನಲ್ಲಿ 41 ಮಕ್ಕಳು. ಜೂನ್ ಮುಗಿಯುವುದರೊಳಗೆ 14 ಹೆಸರು ಬರೆದಿಟ್ಟಿದ್ದೆ. ಯಾವ ಪರೀಕ್ಷೆಯೂ ಆಗಿರಲಿಲ್ಲ. ‘ಇಷ್ಟು ವರ್ಷದ ಸರ್ವೀಸು, ಮುಖ ನೋಡಿದರೆ ಗೊತ್ತಾಗುತ್ತೆ’ ಅನ್ನುವ ಧೈರ್ಯ.

ಆ ಪಟ್ಟಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅಪ್ಪ ಅಮ್ಮ ಇಬ್ಬರೂ ಆಲೆಮನೆಯಲ್ಲಿ ಕೂಲಿ. ಅವಳ ಯೂನಿಫಾರ್ಮಿಗೆ ಸದಾ ಹೊಗೆಯ ವಾಸನೆ. ಮಾತು ಕಡಿಮೆ, ಮೊದಲ ಪೀರಿಯಡ್ಡಿನಲ್ಲಿ ತೂಕಡಿಕೆ. ಮೊದಲ ಕಿರುಪರೀಕ್ಷೆಯಲ್ಲಿ ಸಮಾಂತರ ಶ್ರೇಢಿಯ ಲೆಕ್ಕಗಳನ್ನೆಲ್ಲ ಸರಿಯಾಗಿ ಮಾಡಿದ್ದಳು. ಪೇಪರ್ ಕೊಡುತ್ತಾ ಕೇಳಿದೆ, “ಯಾರದ್ದು ನೋಡ್ಕೊಂಡು ಬರೆದೆ?” ಅವಳು ನೆಲ ನೋಡುತ್ತಾ, “ನಾನೇ ಬರ್ದಿದ್ದು ಸಾ” ಅಂದಳು. ನಾನು ನಂಬಲಿಲ್ಲ. ಸ್ಟಾಫ್ ರೂಮಿಗೆ ಹೋಗಿ ಅವಳ ಪಕ್ಕ ಕೂರುವವಳ ಪೇಪರ್ ತೆಗೆದು ನೋಡಿದೆ. ಅದರಲ್ಲಿ ಮೂರು ಲೆಕ್ಕ ತಪ್ಪು. ಹಿಂದಿನವಳದು ಇನ್ನೂ ಜಾಸ್ತಿ ತಪ್ಪು. ನೋಡಿ ಬರೆಯಲು ಅಲ್ಲಿ ಸರಿ ಉತ್ತರವೇ ಇರಲಿಲ್ಲ.

ಅವತ್ತು ಸಂಜೆ ದಾಖಲಾತಿ ವಹಿ ತೆಗೆದೆ. ನನ್ನ 14 ಹೆಸರಿನ ಎದುರು ತಂದೆಯ ಉದ್ಯೋಗದ ಕಾಲಂ ನೋಡಿದರೆ 11 ಕಡೆ ‘ಕೂಲಿ’. ಅಂಗಡಿಯವರ, ಜಮೀನು ಚೆನ್ನಾಗಿರುವವರ, ಕೆಲಸದಲ್ಲಿರುವವರ ಮಕ್ಕಳು ಒಬ್ಬರೂ ಇಲ್ಲ. ಒಂಬತ್ತನೇ ಕ್ಲಾಸಿನ ಅಂಕ ಪಕ್ಕದಲ್ಲಿಟ್ಟೆ. ಪಟ್ಟಿಯಲ್ಲಿದ್ದ ನಾಲ್ವರು ಹೊರಗಿದ್ದ ಎಷ್ಟೋ ಜನಕ್ಕಿಂತ ಮುಂದಿದ್ದರು. (ಇದು ಬಡವ, ಉಳ್ಳವ ಅನ್ನುವ ವರ್ಗದ ಭೇದ. ನಮ್ಮ ಕಡೆ ಅದರ ಹೊಟ್ಟೆಯೊಳಗೆ ಜಾತಿಯೂ ಕೂತಿರುತ್ತದೆ. ಯಾವ ಬೀದಿಯಿಂದ ಬರುತ್ತಾರೆ ಅನ್ನುವುದು ಮೇಷ್ಟ್ರಿಗೆ ಮೊದಲ ವಾರವೇ ಗೊತ್ತಾಗಿರುತ್ತದೆ.)

ನಾನೇನು ಸಾಹುಕಾರನ ಮಗನಲ್ಲ. ಪಾಂಡವಪುರದ ಕಡೆಯವನು, ವಿ.ಸಿ. ನಾಲೆ ನೀರಿನ ಎರಡು ಎಕರೆ ಗದ್ದೆಯಲ್ಲಿ ಬೆಳೆದವನು. ಹಾಗಾಗಿ ಈ ಭೇದವೆಲ್ಲ ನನ್ನಲ್ಲಿಲ್ಲ ಅಂದುಕೊಂಡಿದ್ದೆ. ಒಂದು ತರಬೇತಿಯಲ್ಲಿ ಕೇಳಿದ ವಿಷಯ ಆಗ ನೆನಪಾಯಿತು. ಅಮೆರಿಕದ ಸೇಂಟ್ ಲೂಯಿಸ್‌ನ ಶಿಶುವಿಹಾರದ ತರಗತಿಯೊಂದನ್ನು ರೇ ರಿಸ್ಟ್ ಎಂಬ ಸಮಾಜಶಾಸ್ತ್ರಜ್ಞರು ಗಮನಿಸಿ 1970ರಲ್ಲಿ ಬರೆದಿದ್ದರು. ಶಾಲೆ ಶುರುವಾದ ಎಂಟನೇ ದಿನಕ್ಕೇ ಟೀಚರ್ ಮಕ್ಕಳನ್ನು ಮೂರು ಟೇಬಲ್‌ಗಳಿಗೆ ಹಂಚಿದ್ದರು. ಪರೀಕ್ಷೆಯಿಲ್ಲ, ಏನಿಲ್ಲ. ಬಟ್ಟೆ, ಮೈ ವಾಸನೆ, ಮಾತಿನ ರೀತಿ, ಮನೆಯ ಸ್ಥಿತಿ ಇಷ್ಟೇ. ಎರಡನೇ ತರಗತಿಗೆ ಬಂದರೂ ಆ ವಿಂಗಡಣೆ ಹೆಚ್ಚುಕಡಿಮೆ ಹಾಗೇ ಉಳಿದಿತ್ತು. ಮಕ್ಕಳೂ ಕಪ್ಪು ಜನಾಂಗದವರು, ಟೀಚರೂ ಅದೇ ಜನಾಂಗದವರು. ಕೇಳುವಾಗ ಅಯ್ಯೋ ಅಂದಿದ್ದೆ. ವಾಸನೆಯಿಂದ ಪಟ್ಟಿ ಮಾಡುವವನು ನಾನೂ ಒಬ್ಬ ಅಂತ ಹೊಳೆದಿರಲಿಲ್ಲ.

ಪಟ್ಟಿ ಹರಿದು ಹಾಕಿದೆ. ಅದು ಸುಲಭದ ಕೆಲಸ. ಪಾಠ ಮಾಡುವಾಗ ತಲೆಯೊಳಗಿರುವ ಪಟ್ಟಿಯನ್ನು ಏನು ಮಾಡುವುದು? ವಿಜ್ಞಾನದ ಮೇಡಂ ಅವರನ್ನು ಕೇಳಿಕೊಂಡೆ. ಬಿಡುವಿದ್ದಾಗ ಅವರು ನನ್ನ ಕ್ಲಾಸಿನ ಹಿಂದೆ ಕೂತು, ಮಕ್ಕಳು ಕೂರುವ ಜಾಗದ ನಕ್ಷೆ ಇಟ್ಟುಕೊಂಡು, ನಾನು ಯಾರಿಗೆ ಪ್ರಶ್ನೆ ಕೇಳುತ್ತೇನೋ ಅಲ್ಲಿ ಒಂದು ಗೀಟು ಹಾಕುತ್ತಾ ಹೋದರು. ಮೊದಲ ದಿನ 31 ಪ್ರಶ್ನೆ. ಅದರಲ್ಲಿ 19 ಅದೇ ಎಂಟು ಮಕ್ಕಳಿಗೆ. ಮೇಡಂ ಇನ್ನೊಂದು ಮಾತು ಹೇಳಿದರು, “ಸಾರ್, ಅವರಿಗೆ ‘ಯಾಕೆ’ ಅಂತ ಕೇಳ್ತೀರಿ. ಹಿಂದಿನವರಿಗೆ ‘ಬರ್ಕೊಂಡ್ಯಾ’ ಅಂತ ಕೇಳ್ತೀರಿ.”

ಕಾಯುವುದರಲ್ಲೂ ಭೇದವಿತ್ತು. ಅಂಗಡಿಯವರ ಹುಡುಗ ತಡವರಿಸಿದರೆ “ಯೋಚನೆ ಮಾಡಪ್ಪ” ಅಂತ ನಿಲ್ಲುತ್ತಿದ್ದೆ. ಹಿಂದಿನ ಬೆಂಚಿನವರು ಬಾಯಿ ತೆರೆಯುವ ಮೊದಲೇ “ಗೊತ್ತಿಲ್ವಾ? ಕೂತ್ಕೋ” ಅನ್ನುತ್ತಿದ್ದೆ. ಶಿಕ್ಷಕರು ಸಾಮಾನ್ಯವಾಗಿ ಉತ್ತರಕ್ಕೆ ಒಂದು ಸೆಕೆಂಡ್ ಕಾಯುವುದೇ ಹೆಚ್ಚು, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಅಂತ ಮೇರಿ ಬಡ್ ರೋ ಎಂಬ ಸಂಶೋಧಕಿ ತೋರಿಸಿದ್ದಾರೆ. ನಾನೂ ಮನಸ್ಸಿನಲ್ಲಿ ಎಣಿಸತೊಡಗಿದೆ. ಹಾಜರಿ ಸಂಖ್ಯೆ ಬರೆದ ಚೀಟಿಗಳನ್ನು ಡಬ್ಬಕ್ಕೆ ಹಾಕಿ, ಬಂದ ಸಂಖ್ಯೆಯವರನ್ನು ಕೇಳಿದೆ.

ಮೊದಲ ವಾರ ಕೆಟ್ಟದಾಗಿತ್ತು. ಆಲೆಮನೆ ಹುಡುಗಿಯ ಚೀಟಿ ಬಂದಾಗ ನಾನು ಮೂರು ಎಣಿಸಿದೆ, ಐದು ಎಣಿಸಿದೆ, ಅವಳು ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಿದ್ದಳು. ಒಂಬತ್ತು ವರ್ಷ ಯಾರೂ ಕೇಳದ ಮಗುವನ್ನು ಇದ್ದಕ್ಕಿದ್ದಂತೆ ಎಬ್ಬಿಸಿ ನಿಲ್ಲಿಸಿದರೆ ಅದು ಶಿಕ್ಷೆಯೇ. ಆಮೇಲೆ ಕ್ರಮ ಬದಲಿಸಿದೆ. ಮೊದಲು ಇಬ್ಬಿಬ್ಬರು ಮಾತಾಡಿಕೊಳ್ಳಬೇಕು, ನಂತರ ಚೀಟಿ. ಮಾತು ಹೊರಡಲು ಶುರುವಾಯಿತು. ಪರೀಕ್ಷೆಯಲ್ಲಿ ಹೆಸರನ್ನು ಕೊನೆಯ ಹಾಳೆಯ ಹಿಂದೆ ಬರೆಸಿ, ಅಂಕ ಹಾಕಿದ ಮೇಲೆ ತಿರುಗಿಸಿ ನೋಡುತ್ತಿದ್ದೆ. ಕೆಲವರ ಅಕ್ಷರ ಗುರುತು ಸಿಗುತ್ತಿತ್ತು, ಆದರೂ ಕೈ ಸ್ವಲ್ಪ ತಡೆಯುತ್ತಿತ್ತು.

ಬಿಡಲು ತುಂಬ ಕಷ್ಟವಾದದ್ದು ನನ್ನ ‘ಪಾಪ’. ಪಾಪ, ಮನೇಲಿ ಕಷ್ಟ, ಪಾಸಾದರೆ ಸಾಕು. ಕೇಳಲು ಎಷ್ಟು ಒಳ್ಳೆಯ ಮಾತು! ಅದೇ ಮಾತಿನಲ್ಲಿ ಆ ಮಗುವಿಗೆ ತ್ರಿಕೋನಮಿತಿ ಬೇಡ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿರುತ್ತಿದ್ದೆ. ಆ ವರ್ಷ ಡಿಸೆಂಬರ್‌ವರೆಗೆ ಎಲ್ಲರಿಗೂ ಎಲ್ಲ ಪಾಠ ಮಾಡಿದೆ. ಪ್ಯಾಕೇಜ್ ಕೊನೆಯ ತಿಂಗಳು, ಬೇಕು ಅಂದವರಿಗೆ ಮಾತ್ರ.

ಎಲ್ಲವೂ ಇದರಿಂದಲೇ ಆಗುತ್ತದೆ ಅಂತ ಹೇಳಲಾರೆ. ಆ ಹುಡುಗಿ ರಾತ್ರಿ ಆಲೆಮನೆಯಲ್ಲಿ ಬೆಲ್ಲದ ಅಚ್ಚು ಎತ್ತಿಟ್ಟು ಬರುತ್ತಿದ್ದಳು. ನಾನು ಎಷ್ಟೇ ಭರವಸೆ ಇಟ್ಟರೂ ಅವಳಿಗೆ ನಿದ್ದೆ ಬೇಕಿತ್ತು. ಮನೆಗೆ ಹೋದಾಗ ಅವರಮ್ಮ, “ನಮ್ ಐಕ್ಳು ಎಲ್ಲಿ ಓದ್ತವೆ ಬುಡಿ ಸಾ” ಅಂದರು. ಪರೀಕ್ಷೆ ಮುಗಿಯುವವರೆಗೆ ರಾತ್ರಿ ಕೆಲಸಕ್ಕೆ ಕಳಿಸಬೇಡಿ ಅಂತ ಕೇಳಿಕೊಂಡೆ. ಅರ್ಧ ಒಪ್ಪಿದರು. ಹೆಡ್‌ಮಾಸ್ಟರಿಗೆ ಹೇಳಿ ಗಣಿತವನ್ನು ಮೂರನೇ ಪೀರಿಯಡ್ಡಿಗೆ ಹಾಕಿಸಿಕೊಂಡೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅವಳಿಗೆ 80ಕ್ಕೆ 54 ಬಂತು. ನಾನು ಅವಳಿಗೆ ಗೊತ್ತುಮಾಡಿದ್ದು 28.

ಈಗಲೂ ಪಟ್ಟಿ ಕೇಳುತ್ತಾರೆ. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ಪೇಪರ್ ನೋಡಿ ಕೊಡುತ್ತೇನೆ. ಕಳೆದ ಸಲ ಆರು ಹೆಸರಿತ್ತು, ಅದರಲ್ಲೊಂದು ಗೊಬ್ಬರದ ಅಂಗಡಿಯವರ ಮಗನದು. ಮಾರನೇ ದಿನವೇ ಅವನ ತಂದೆ ಕಾರಿನಲ್ಲಿ ಬಂದು, “ನಮ್ಮ ಹುಡುಗನ ಹೆಸರು ಇದರಲ್ಲಿ ಹೆಂಗೆ ಬಂತು ಸಾರ್?” ಅಂತ ಕೇಳಿದರು. ಪೇಪರ್ ತೋರಿಸಿದೆ, ಕೂತು ಮಾತಾಡಿದೆವು. ನಾನು ಪಟ್ಟಿ ಮಾಡಿದ ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಲು ಶಾಲೆಗೆ ಬಂದ ಮೊದಲನೆಯ ತಂದೆ ಅವರು.