‘ಬೊಲೆರೊ’ ನೋಡಬೇಕೇ? ಮಳೆ ಬಿಡುವವರೆಗೆ ಕಾಯಿರಿ

ಫ್ರಾನ್ಸಿನ ಸಂಗೀತಗಾರ ರವೆಲ್ 1928ರಲ್ಲಿ ಬರೆದ ಆರ್ಕೆಸ್ಟ್ರಾ ಕೃತಿ ‘ಬೊಲೆರೊ’ ಒಂದು ಸಣ್ಣ ಡ್ರಮ್ಮಿನಿಂದ ಶುರುವಾಗುತ್ತದೆ, ಕಿವಿಗೊಟ್ಟರೆ ಮಾತ್ರ ಕೇಳುವಷ್ಟು ಮೆಲ್ಲಗೆ. ಜುಲೈಯಲ್ಲಿ ಭಾಗಮಂಡಲದ ಕಡೆ, ಶೀಟು ಹೊದಿಸಿದ ಮನೆಯಲ್ಲಿ ಕೂತರೆ ಆ ಡ್ರಮ್ಮು ಇದೆಯೆಂದೇ ಗೊತ್ತಾಗುವುದಿಲ್ಲ. ವಾಲ್ಯೂಮ್ ಏರಿಸಿದಿರೋ, ಹದಿನೈದು ನಿಮಿಷದ ಬಳಿಕ ಇಡೀ ಆರ್ಕೆಸ್ಟ್ರಾ ಮೊಳಗುವಾಗ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ಜೋರು ಮಳೆಗೆ ಡಿಶ್ಶಿನ ಸಿಗ್ನಲ್ಲೂ ಕೈಕೊಡುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

ಹಾಗಾಗಿ ಮೊದಲು ದಿನ ಆರಿಸಿಕೊಳ್ಳಿ. ನನಗೆ ಇಷ್ಟವಾದದ್ದು ಜನವರಿ 1. ವಿಯೆನ್ನಾ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಹೊಸ ವರ್ಷದ ಕಛೇರಿ ಅಲ್ಲಿ ಬೆಳಗ್ಗೆ 11.15ಕ್ಕೆ, ಅಂದರೆ ನಮಗೆ ಮಧ್ಯಾಹ್ನ 3.45ಕ್ಕೆ. ಅದರಲ್ಲಿ ‘ಬೊಲೆರೊ’ ಅಲ್ಲ, ಹೆಚ್ಚಾಗಿ ಸ್ಟ್ರಾಸ್ ಮನೆತನದವರ ಸಂಗೀತ ಇರುತ್ತದೆ; ಆದರೂ ಆರ್ಕೆಸ್ಟ್ರಾ ನೋಡಿ ಅಭ್ಯಾಸ ಮಾಡಿಕೊಳ್ಳಲು ಒಳ್ಳೆಯ ದಿನ. ನಮ್ಮಲ್ಲಿ ಕಾಫಿ ಕೊಯ್ಲಿನ ಕಾಲ, ಮಾಡಿನ ಮೇಲೆ ಸದ್ದಿರುವುದಿಲ್ಲ. ಎಲ್ಲಿ ಪ್ರಸಾರವಾಗುತ್ತದೆ ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ‘ಬೊಲೆರೊ’ದಂಥ ಬೇರೆ ಕೃತಿ ಹುಡುಕಲು, ಉಳಿದ ದಿನಗಳಿಗೆ ಬರ್ಲಿನ್ ಫಿಲ್ಹಾರ್ಮೋನಿಕ್‌ನ ‘ಡಿಜಿಟಲ್ ಕನ್ಸರ್ಟ್ ಹಾಲ್’ ಇದೆ, ಚಂದಾ ಕಟ್ಟಿ ಇಂಟರ್ನೆಟ್‌ನಲ್ಲಿ ನೋಡಬಹುದು. ಇನ್‌ವರ್ಟರ್‌ಗೆ ಟಿವಿ ಜೊತೆ ಸೆಟ್ ಟಾಪ್ ಬಾಕ್ಸ್, ರೂಟರ್ ಕೂಡ ಸೇರಿಸಿ. ಕರೆಂಟ್ ಹೋದಾಗ ಟಿವಿ ಒಂದೇ ಉರಿದರೆ ಸಾಲದು, ಅಲ್ವಾ?

ಈಗ ರಿಮೋಟ್ ತೆಗೆದುಕೊಳ್ಳಿ. ಚಿತ್ರ ‘ವಿವಿಡ್’ನಲ್ಲಿದ್ದರೆ ‘ಸಿನಿಮಾ’ಕ್ಕೆ ತನ್ನಿ. ಪಿಟೀಲಿನ ಮರ ಮರದ ಬಣ್ಣಕ್ಕೆ ಬರುತ್ತದೆ. ಸೌಂಡ್ ಮೆನುವಿನಲ್ಲಿ ‘ಆಟೋ ವಾಲ್ಯೂಮ್’, ‘ನೈಟ್ ಮೋಡ್’ ಇದ್ದರೆ ಆಫ್ ಮಾಡಿ. ಇದನ್ನು ಮರೆಯಲೇಬೇಡಿ. ಅವು ಮೆಲುದನಿಯನ್ನು ಎತ್ತಿ, ಜೋರು ದನಿಯನ್ನು ಅದುಮಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ‘ಬೊಲೆರೊ’ದ ಜೀವವೇ ಆ ಏರಿಕೆ. ಅದು ಹೋದರೆ ಅದೇ ಧಾಟಿ ಸುಮ್ನೆ ಮತ್ತೆ ಮತ್ತೆ ಕೇಳಿದಂತಾಗುತ್ತದೆ.

ತೆಳು ಟಿವಿಯ ಸ್ಪೀಕರ್ ಹೆಚ್ಚಾಗಿ ಕೆಳಕ್ಕೋ ಹಿಂದಕ್ಕೋ ಮುಖ ಮಾಡಿರುತ್ತದೆ. ಡಬಲ್ ಬಾಸ್‌ನ ತಗ್ಗಿನ ಸ್ವರಗಳು ಅದರಲ್ಲಿ ಸರಿಯಾಗಿ ಬರುವುದಿಲ್ಲ. ಸೌಂಡ್‌ಬಾರ್ ಇಲ್ಲದಿದ್ದರೆ, ಹೆಡ್‌ಫೋನ್ ಜಾಕಿನಿಂದ ಹಳೆಯ ಸ್ಟೀರಿಯೊಗೆ ವೈರ್ ಎಳೆದರೂ ಆಗುತ್ತದೆ.

ಕಛೇರಿ ಶುರುವಾಗುವ ಮೊದಲೇ ಕೂತುಬಿಡಿ. ಓಬೊ ಎಂಬ ಊದುವ ವಾದ್ಯ ಒಂದು ಸ್ವರ ಹಿಡಿಯುತ್ತದೆ, ಉಳಿದವರೆಲ್ಲ ಅದಕ್ಕೆ ಶ್ರುತಿ ಸೇರಿಸುತ್ತಾರೆ. ನಮ್ಮ ಮದುವೆಯ ವಾಲಗದ ಹಾಗೆ ಓಬೊಗೂ ಊದುವ ತುದಿಯಲ್ಲಿ ಜೋಡಿ ರೀಡು ಇರುತ್ತದೆ. ‘ಬೊಲೆರೊ’ದಲ್ಲಿ ಧಾಟಿ ಮೊದಲು ಕೊಳಲಿಗೆ, ಆಮೇಲೆ ಕ್ಲಾರಿನೆಟ್‌ಗೆ, ಆಮೇಲೆ ಬಸೂನ್‌ಗೆ ಹೋಗುತ್ತದೆ. ಕ್ಯಾಮೆರಾ ಒಬ್ಬೊಬ್ಬರ ಹತ್ತಿರ ಬಂದಾಗ, 1920 × 1080 ಚುಕ್ಕಿಗಳ ಎಚ್‌ಡಿ ಚಿತ್ರದಲ್ಲಿ ತುಟಿಯ ಬಿಗಿಯೂ ಬೆರಳಿನ ಓಡಾಟವೂ ಕಾಣುತ್ತದೆ.

ನಡುನಡುವೆ ಆ ಸಣ್ಣ ಡ್ರಮ್ಮಿನವರನ್ನು ಹುಡುಕಿ. ಮೊದಲಿನಿಂದ ಕೊನೆವರೆಗೆ ಅವರದು ಅದೇ ತಾಳ, ಬಿಡುವೇ ಇಲ್ಲ. ಶುರುವಿನಲ್ಲಿ ಅವರ ಕೋಲುಗಳು ಡ್ರಮ್ಮು ಬಿಟ್ಟು ಮೇಲೇಳುವುದೇ ಇಲ್ಲ ಅನಿಸುತ್ತದೆ. ಕೊನೆಯ ನಿಮಿಷದಲ್ಲಿ ಆ ಕೋಲುಗಳನ್ನೇ ನೋಡಿ.