ಒಂದೆಲಗ ಹಚ್ಚಿದರೆ ಸುಕ್ಕು ಹೋಗುತ್ತದಾ?

ಒಂದೆಲಗ ಅರೆದು ಮುಖಕ್ಕೆ ಹಚ್ಚಿಕೊಳ್ಳಲಾ ಅಂತ ಸೊಸೆ ಮೊನ್ನೆ ಕೇಳಿದಳು. ಆ ಪ್ರಯೋಗ ನಾನು ಎಂದೋ ಮಾಡಿ ಮುಗಿಸಿದ್ದೇನೆ. ಹಸಿ ಎಲೆ ನುಣ್ಣಗೆ ಅರೆದು ಕುತ್ತಿಗೆವರೆಗೂ ಮೆತ್ತಿಕೊಂಡು, ಅದು ಒಣಗಿ ಬಿರಿಯುವ ತನಕ ಕೂತಿದ್ದೆ. ತೊಳೆದು ನೋಡಿದರೆ ಸುಕ್ಕು ಇದ್ದಲ್ಲೇ ಇತ್ತು. ಕುತ್ತಿಗೆ ಮಾತ್ರ ಕೆಂಪಗಾಗಿ ಎರಡು ದಿನ ತುರಿಸಿತು.

ಹಾಗಂತ ಎಲೆಯಲ್ಲಿ ಗುಣ ಇಲ್ಲ ಅಂತಲ್ಲ. ಗಾಯ ಮಾಯಲು ಇದನ್ನು ಹಿಂದಿನಿಂದಲೂ ಬಳಸುತ್ತಾರೆ. ಏಷಿಯಾಟಿಕೋಸೈಡ್, ಮೆಡಕ್ಯಾಸೋಸೈಡ್ ಅಂತ ಬಾಯಿ ತಿರುಗದ ಹೆಸರಿನ ಅಂಶಗಳು ಇದರಲ್ಲಿವೆ. ಚರ್ಮವನ್ನು ಒಳಗಿಂದ ಹಿಡಿದಿಡುವುದು ಕೊಲಾಜೆನ್. ಅದನ್ನು ತಯಾರಿಸುವ ಕೋಶಗಳಿಗೆ ಇವು ಚುರುಕು ಮುಟ್ಟಿಸುತ್ತವೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಇವು ದೊಡ್ಡ ಅಣುಗಳು, ಚರ್ಮದೊಳಗೆ ಸುಲಭವಾಗಿ ಇಳಿಯುವುದಿಲ್ಲ. ಅರೆದ ಎಲೆಯಲ್ಲಿ ಅವು ಎಷ್ಟಿವೆ ಅನ್ನುವುದಕ್ಕೂ ಲೆಕ್ಕ ಇಲ್ಲ.

2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಿಸಿಲಿಗೆ ಚರ್ಮ ಮುಪ್ಪಾಗಿದ್ದ 20 ಹೆಂಗಸರು 6 ತಿಂಗಳು ಕ್ರೀಮ್ ಹಚ್ಚಿದರು. ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಸುಧಾರಣೆ ಕಂಡಿತು. ಆದರೆ ಅದರಲ್ಲಿ 0.1% ಮೆಡಕ್ಯಾಸೋಸೈಡ್ ಜೊತೆ 5% ವಿಟಮಿನ್ ಸಿ ಕೂಡ ಇತ್ತು. ಶಹಬ್ಬಾಸ್‌ಗಿರಿ ಯಾರಿಗೆ ಎಷ್ಟು ಕೊಡೋದು, ಅಲ್ವಾ? ಕಾದದ್ದು 6 ತಿಂಗಳು ಅನ್ನುವುದನ್ನಂತೂ ಮರೀಬೇಡಿ. ವಾರದಲ್ಲಿ ಯೌವನ ಅನ್ನುವ ಡಬ್ಬಿ ಕಂಡರೆ ಸುಮ್ನೆ ಕೆಳಗಿಡಿ.

ಕೊಳ್ಳುವುದಾದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಸೆಂಟೆಲ್ಲಾ ಏಷಿಯಾಟಿಕಾ ಅಂತಿದ್ದರೆ ಅದೇ ಒಂದೆಲಗ. ಬ್ರಾಹ್ಮಿ ಅಂತಷ್ಟೇ ಇದ್ದರೆ ಅನುಮಾನ ಇರಲಿ, ಬಾಕೋಪಾ ಅನ್ನುವ ಬೇರೆ ಗಿಡಕ್ಕೂ ಅದೇ ಹೆಸರು. ಪಟ್ಟಿಯಲ್ಲಿ ಸುವಾಸನೆಗಿಂತ ಕೆಳಗೆ, ಕೊನೆಯಲ್ಲೆಲ್ಲೋ ಒಂದೆಲಗ ಇದ್ದರೆ ಇರುವುದು ಬಹಳ ಕಡಿಮೆ.

ಮೊದಲು ಮೊಣಕೈ ಮಡಚುವ ಜಾಗದಲ್ಲಿ ಹೆಸರುಕಾಳಿನಷ್ಟು ಹಚ್ಚಿ, ಎರಡು ದಿನ ನೋಡಿ. ತುರಿಕೆ, ಉರಿ ಇಲ್ಲದಿದ್ದರೆ ಮುಖಕ್ಕೆ. ರಾತ್ರಿ ಮುಖ ತೊಳೆದು, ಇನ್ನೂ ಸ್ವಲ್ಪ ತೇವ ಇರುವಾಗಲೇ ತೆಳ್ಳಗೆ ಹಚ್ಚಿ. ಉಜ್ಜಬೇಡಿ, ಒತ್ತಿದರೆ ಸಾಕು. ಬೆಳಿಗ್ಗೆ ಸನ್‌ಸ್ಕ್ರೀನ್ ಬೇಕೇ ಬೇಕು. ಕೊಲಾಜೆನ್ ಒಡೆಯುವುದರಲ್ಲಿ ಬಿಸಿಲಿನ ಕೈ ಜಾಸ್ತಿ. ಸೊಸೆಗೂ ಇಷ್ಟೇ ಹೇಳಿದೆ. ಅವಳು ಅರೆಯಲು ತಂದಿದ್ದ ಎಲೆಯನ್ನು ಬೇರು ಸಮೇತ ಕುಂಡಕ್ಕೆ ಊರಿದ್ದಾಳೆ.